ರಾತ್ರಿ ಒಂಟಿಯಾಗಿ ನಡೆಯುವಾಗ ಒಂದೇ ದಾರಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಾಗಿ ಕಾಣುವುದೇಕೆ?

ತಡರಾತ್ರಿಯ ಪಾದಚಾರಿ (ಪ್ರಶ್ನೆ):
ಕೆಲಸ ಮುಗಿಸಿ ತಡವಾಗಿ ಹೊರಡುವಾಗ, ಉದ್ಯಾನದ ಬೇಲಿಗೆ ತಾಗಿಕೊಂಡಿರುವ ಹತ್ತಿರದ ಹಾದಿಯಲ್ಲಿ ನಾನು ಹಾಡು ಕೇಳುತ್ತ ನಡೆದುಬಿಡುತ್ತೇನೆ. ಅದೇ ಹೊತ್ತಿಗೆ ಹೊರಡುವ ನನ್ನ ಸಹೋದ್ಯೋಗಿಯೊಬ್ಬರು ಆ ಹಾದಿಯನ್ನು ಬಿಟ್ಟು, ಬೆಳಕಿರುವ ದೊಡ್ಡ ರಸ್ತೆಯನ್ನು ಸುತ್ತಿಕೊಂಡು ಹೋಗುತ್ತಾರೆ. ಕತ್ತಲಾದ ಮೇಲೆ ಒಬ್ಬರೇ ನಡೆಯುವುದು ಸುರಕ್ಷಿತವೆನಿಸುತ್ತದೆಯೇ ಎಂದು ಗ್ಯಾಲಪ್ ಸಂಸ್ಥೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಕೇಳುತ್ತ ಬಂದಿದೆ. ಬಹುತೇಕ ಎಲ್ಲ ಕಡೆಯೂ ಹೌದು ಎನ್ನುವ ಹೆಂಗಸರ ಪ್ರಮಾಣ ಗಂಡಸರಿಗಿಂತ ಕಡಿಮೆ. ಆದರೆ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಅಂದಾಜಿನಂತೆ ಜಗತ್ತಿನಲ್ಲಿ ಕೊಲೆಯಾಗುವವರಲ್ಲಿ ಸುಮಾರು ಶೇ. 80ರಷ್ಟು ಮಂದಿ ಗಂಡಸರು. ಅಪಾಯ ಒಬ್ಬರಿಗೆ ಹೆಚ್ಚು, ಭಯ ಇನ್ನೊಬ್ಬರಿಗೆ ಹೆಚ್ಚು ಎನ್ನುವ ಈ ಸ್ಥಿತಿಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಇದನ್ನು ಉಡಾಫೆಗಾಗಿ ಕೇಳುತ್ತಿಲ್ಲ.

ದೀಪದ ಕಂಬ:
ಭಯವು ದಾಖಲಾದ ಅಪರಾಧಗಳ ಸಂಖ್ಯೆಗೆ ತಕ್ಕಷ್ಟೇ ಇರಬೇಕು ಎಂಬ ಊಹೆಯೊಂದು ನಿಮ್ಮ ಪ್ರಶ್ನೆಯೊಳಗೆ ಅಡಗಿದೆ. ಆದರೆ ಯಾರು, ಎಷ್ಟು ಹೊತ್ತಿಗೆ, ಎಂಥ ದಾರಿಯಲ್ಲಿ, ಎಷ್ಟು ದೂರ ನಡೆದರು ಎಂಬುದರ ಮೇಲೆಯೇ ಆ ಸಂಖ್ಯೆ ನಿಂತಿರುತ್ತದೆ. ನಿಮ್ಮ ಸಹೋದ್ಯೋಗಿ ಆ ಹಾದಿಯನ್ನು ಬಿಟ್ಟಿದ್ದರಿಂದ ಅಲ್ಲಿ ಅವರಿಗೆ ಏನೂ ಆಗಲಿಲ್ಲ ಎನ್ನುವುದನ್ನು, ಆ ಹಾದಿ ಅವರಿಗೆ ಅಪಾಯಕಾರಿಯಾಗಿರಲಿಲ್ಲ ಎನ್ನುವುದಕ್ಕೆ ಪುರಾವೆಯಾಗಿ ಎಣಿಸಲಾಗದು. ಸುತ್ತುದಾರಿ, ಬೇಗ ಮುಗಿಸಿದ ಭೇಟಿ, ಒಲ್ಲದ ಮನಸ್ಸಿನಿಂದ ಹಿಡಿದ ಬಾಡಿಗೆ ವಾಹನ, ಬೆರಳ ಸಂದಿಯಲ್ಲಿ ಹಿಡಿದ ಬೀಗದ ಕೈ, ಯಾರೊಡನೆಯೂ ಮಾತಾಡದೆ ಕಿವಿಗೆ ಒತ್ತಿಕೊಂಡ ಫೋನು: ಇವೆಲ್ಲ ಸುರಕ್ಷತೆಗಾಗಿ ತೆರುವ ಬೆಲೆಯೇ ಆದರೂ ಯಾವ ಪೊಲೀಸ್ ಠಾಣೆಯ ದಾಖಲೆಯಲ್ಲೂ ಕಾಣಿಸುವುದಿಲ್ಲ.

ಎರಡನೆಯದಾಗಿ, ಭಯ ಯಾವುದರದ್ದು ಎಂಬುದನ್ನೂ ಕೇಳಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞ ಕೆನೆತ್ ಫೆರಾರೊ 1990ರ ದಶಕದಲ್ಲಿ ಹೇಳಿದಂತೆ, ಲೈಂಗಿಕ ಹಲ್ಲೆಯ ಭಯವು ಹೆಂಗಸರಲ್ಲಿ ಉಳಿದ ಅಪರಾಧಗಳ ಭಯದ ಮೇಲೂ ನೆರಳು ಚಾಚುತ್ತದೆ. ಪರ್ಸಿಗಾಗಿ ಅಡ್ಡಗಟ್ಟಿದವನು ಪರ್ಸಿಗೇ ನಿಲ್ಲುತ್ತಾನೆಂಬ ಭರವಸೆ ಅವರಿಗಿಲ್ಲ. ಗಂಡಸಾದ ನೀವು ಕಳ್ಳನಿಗೆ ಹಣ ಕೊಟ್ಟು ಪ್ರಕರಣವನ್ನು ಅಲ್ಲಿಗೇ ಮುಗಿಸಬಹುದು ಎಂದುಕೊಳ್ಳುತ್ತೀರಿ. ಇನ್ನು, ಯಾರೋ ಒಬ್ಬ ಬಹಳ ದೂರ ಬೆನ್ನು ಹತ್ತಿ ಬಂದು ಕೊನೆಗೆ ಬೇರೆ ತಿರುವಿನಲ್ಲಿ ಹೋದನೆನ್ನಿ. ಅದನ್ನು ಯಾರೂ ಅಪರಾಧವೆಂದು ಬರೆದುಕೊಳ್ಳುವುದಿಲ್ಲ. ಆದರೆ ಅವನು ತಿರುಗುವವರೆಗೆ ಅದು ಹೇಗೆ ಮುಗಿಯುತ್ತದೆಂದು ಮುಂದೆ ನಡೆಯುತ್ತಿದ್ದವಳಿಗೆ ತಿಳಿದಿರುವುದಿಲ್ಲವಲ್ಲ.

ಅಂಕಿಅಂಶದ ಓದುಗ:
ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎರಡು ತಕರಾರುಗಳಿವೆ. ಗಂಡಸರಿಗೆ ಭಯ ಕಡಿಮೆ ಎಂಬುದನ್ನೇ ನಾವು ಸುಲಭವಾಗಿ ನಂಬಬಾರದು. ಸ್ಟೀಫನ್ ಫರಾಲ್ ಮತ್ತು ರಾಬಿ ಸಟನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಜ ಮೆಚ್ಚುವ ಉತ್ತರವನ್ನೇ ಕೊಡುವ ಪ್ರವೃತ್ತಿ ಹೆಚ್ಚಿದ್ದ ಗಂಡಸರು ಅಪರಾಧದ ಭಯವನ್ನು ಕಡಿಮೆ ಹೇಳಿಕೊಂಡಿದ್ದರು. ಹೆಂಗಸರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಹೆದರಿದೆ ಎನ್ನುವುದು ಗಂಡಸಿಗೆ ಅವಮಾನವೆಂದು ಚಿಕ್ಕಂದಿನಿಂದಲೇ ಕಲಿತವನು ಸಮೀಕ್ಷೆಯವರ ಮುಂದೆ ಮಾತ್ರ ನಿಜ ಹೇಳಿಯಾನೆ?

ಎರಡನೆಯ ತಕರಾರು ಕತ್ತಲ ಬೀದಿಗೆ ನಾವು ಕೊಡುವ ಮಹತ್ವದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರು ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದಾರೆ, ಮತ್ತು ಅದರಲ್ಲಿ ಹೆಚ್ಚಿನ ಪಾಲು ಗಂಡ ಅಥವಾ ಸಂಗಾತಿಯಿಂದ ಆದದ್ದು. ಅಪರಿಚಿತನನ್ನೇ ಮುಖ್ಯ ಅಪಾಯವೆಂದು ಬಿಂಬಿಸಿ, ರಾತ್ರಿ ಹೊರಗೆ ಹೋಗಬೇಡಿ ಎಂದು ಬುದ್ಧಿ ಹೇಳುವುದರಿಂದ ಹೆಂಗಸರ ಓಡಾಟ ಕುಗ್ಗುತ್ತದೆಯೇ ಹೊರತು ಹಿಂಸೆ ಕುಗ್ಗುವುದಿಲ್ಲ. 1977ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹೆಂಗಸರು ರಾತ್ರಿ ಮೆರವಣಿಗೆ ಹೊರಟದ್ದು ಆಗ ಆ ಭಾಗದಲ್ಲಿ ನಡೆಯುತ್ತಿದ್ದ ಹೆಂಗಸರ ಸರಣಿ ಕೊಲೆಗಳಿಗಷ್ಟೇ ಪ್ರತಿಕ್ರಿಯೆಯಾಗಿ ಅಲ್ಲ. ಕತ್ತಲಾದ ಮೇಲೆ ಮನೆಯಲ್ಲೇ ಇರಿ ಎಂದು ಹೆಂಗಸರಿಗೇ ಕೊಡಲಾಗುತ್ತಿದ್ದ ಸಲಹೆಯ ವಿರುದ್ಧವೂ ಆಗಿತ್ತು.

ಸಂಜೆಮಲ್ಲಿಗೆ:
ಮೂಲ ಪ್ರಶ್ನೆ ದಾರಿ ಹೇಗೆ ಕಾಣುತ್ತದೆ ಎಂಬುದಾಗಿತ್ತು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕು ಕ್ಯಾಂಪಸ್‌ಗಳ ಕಾಲುದಾರಿಗಳ ಚಿತ್ರಗಳನ್ನು ಸುಮಾರು 600 ಮಂದಿಗೆ ತೋರಿಸಿ, ಅಲ್ಲಿ ನಡೆಯುವಾಗ ನಿಮ್ಮ ಗಮನ ಹೋಗುವ ಜಾಗಗಳನ್ನು ಗುರುತಿಸಿ ಎಂದು ಕೇಳಿದ್ದರು. ಗಂಡಸರ ಗುರುತುಗಳು ದಾರಿಯ ಮೇಲೆ, ಎದುರಿನ ದೀಪ ಅಥವಾ ಕಟ್ಟಡದ ಮೇಲೆ ಹೆಚ್ಚಾಗಿ ಬಿದ್ದವು. ಹೆಂಗಸರ ಗುರುತುಗಳು ದಾರಿಯ ಎರಡೂ ಬದಿಯ ಪೊದೆಗಳು ಮತ್ತು ಕತ್ತಲ ಮೂಲೆಗಳಿಗೆ ಹರಡಿದವು. ಅದನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಾನು ಗುರುತಿಸುತ್ತಿದ್ದುದೂ ಅವೇ ಜಾಗಗಳನ್ನು.

ಇದರಿಂದ ಬೆಳಕಿನ ಬಗ್ಗೆಯೂ ಒಂದು ಮಾತು ಹೇಳಬೇಕಾಗುತ್ತದೆ. ನ್ಯೂಯಾರ್ಕ್‌ನ ಸಾರ್ವಜನಿಕ ವಸತಿ ಪ್ರದೇಶಗಳಲ್ಲಿ 2016ರಲ್ಲಿ ದೀಪಸ್ತಂಭಗಳನ್ನಿಟ್ಟು ನಡೆಸಿದ ಪ್ರಯೋಗದಲ್ಲಿ ರಾತ್ರಿ ವೇಳೆಯ ಹೊರಾಂಗಣದ ಗಂಭೀರ ಅಪರಾಧಗಳು ಸುಮಾರು ಶೇ. 36ರಷ್ಟು ಇಳಿದಿದ್ದವು. ಆದರೆ ದೀಪ ಹಾಕಿದರೆ ಸಾಕು ಎಂದುಕೊಳ್ಳುವವರು ದೀಪದ ಕೆಳಗೆ ನಿಂತು ಪೊದೆಯತ್ತ ಒಮ್ಮೆ ನೋಡಬೇಕು. ನಡುದಾರಿ ಮಾತ್ರ ಹೊಳೆಯುತ್ತಿದ್ದರೆ ಬದಿಯ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ, ನಡೆಯುವವಳು ಎಲ್ಲರಿಗೂ ಕಾಣುತ್ತಾಳೆ, ಅವಳಿಗೆ ಯಾರೂ ಕಾಣುವುದಿಲ್ಲ. ದೂರದವರೆಗೆ ನೋಟ ಹರಿಯುತ್ತದೆಯೇ, ಅವಿತುಕೊಳ್ಳಲು ಜಾಗವಿದೆಯೇ, ತಪ್ಪಿಸಿಕೊಳ್ಳಲು ಇನ್ನೊಂದು ದಾರಿಯಿದೆಯೇ ಎಂಬ ಮೂರು ಲೆಕ್ಕಗಳನ್ನು ನಾವು ಹೆಜ್ಜೆ ಹೆಜ್ಜೆಗೂ ಹಾಕುತ್ತೇವೆ. ಬೇಲಿ ಒಂದು ಕಡೆಗಿರುವ ನಿಮ್ಮ ಹಾದಿ ಮೂರನೆಯದರಲ್ಲೇ ಸೋಲುತ್ತದೆ.

ತಡರಾತ್ರಿಯ ಪಾದಚಾರಿ:
ಎಲ್ಲರಿಗೂ ಧನ್ಯವಾದಗಳು. ಬೇಲಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಪ್ರಶ್ನೆ: ಮುಂದೆ ಹೆಂಗಸೊಬ್ಬರು ಒಬ್ಬರೇ ಹೋಗುತ್ತಿದ್ದು, ನಾನು ವೇಗವಾಗಿ ನಡೆಯುವವನಾಗಿದ್ದರೆ ಏನು ಮಾಡಬೇಕು?

ಸಂಜೆಮಲ್ಲಿಗೆ:
ಸಾಧ್ಯವಾದರೆ ರಸ್ತೆಯ ಆಚೆ ಬದಿಗೆ ದಾಟಿ, ಅಲ್ಲಿಂದ ಮುಂದೆ ಸಾಗಿಬಿಡಿ. ದಾಟಲು ಜಾಗವಿಲ್ಲದಿದ್ದರೆ ಹಿಂದೆಯೇ ನಿಂತು ಅಂತರ ಹೆಚ್ಚಲು ಬಿಡಿ. ಅವರ ವೇಗಕ್ಕೆ ನಿಮ್ಮ ವೇಗವನ್ನು ಹೊಂದಿಸಿಕೊಂಡು ನಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಹೆದರಬೇಡಿ ಎಂದು ಹಿಂದಿನಿಂದ ಕೂಗಿ ಹೇಳುವ ಸಜ್ಜನರೂ ಇದ್ದಾರೆ. ದಯವಿಟ್ಟು ಅದೊಂದನ್ನು ಮಾಡಬೇಡಿ.