ಅಪ್‌ಡೇಟ್: ಕೊನೆಗೂ ವಿ-ಸ್ಟ್ರೋಮ್ ತಗೊಂಡೆ

ಸುಜುಕಿ ವಿ-ಸ್ಟ್ರೋಮ್ 650 ಬೈಕ್ ತಗೊಳ್ಳಲಾ, ಕವಾಸಾಕಿ ವರ್ಸಿಸ್ 650 ತಗೊಳ್ಳಲಾ ಅಂತ ನಿಮ್ಮನ್ನೆಲ್ಲ ಇಲ್ಲಿ ಕೇಳಿದ್ದೆ. ಎರಡೂ ಸೆಕೆಂಡ್ ಹ್ಯಾಂಡ್, ರಜಾ ದಿನ ಸುಮ್ನೆ ಸುತ್ತಾಡೋಕೆ. ಎರಡನ್ನೂ ಓಡಿಸಿ ನೋಡಿದೆ. ವರ್ಸಿಸ್‌ನ 649 ಸಿಸಿ ಪ್ಯಾರಲಲ್ ಟ್ವಿನ್ (ಎರಡು ಸಿಲಿಂಡರ್ ಅಕ್ಕಪಕ್ಕ ಇರುವ ಎಂಜಿನ್) ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಏರಿದ ಹಾಗೆ ಚುರುಕಾಗುತ್ತದೆ, ನಿಜಕ್ಕೂ ಖುಷಿ ಕೊಟ್ಟಿತು. ಆದರೆ ವಿ-ಸ್ಟ್ರೋಮ್‌ನ 645 ಸಿಸಿ ವಿ-ಟ್ವಿನ್ (ಎರಡು ಸಿಲಿಂಡರ್ V ಆಕಾರದಲ್ಲಿರುವ ಎಂಜಿನ್) ಕಡಿಮೆ ವೇಗದಲ್ಲೇ ಮೆತ್ತಗೆ ಎಳೆಯುತ್ತದೆ. ಆರಾಮಾಗಿ ಹೋಗುವವರಿಗೆ ಇದೇ ಸರಿ ಅಲ್ವಾ?

ನೀವು ಹೇಳಿದಂತೆ ವಿ-ಸ್ಟ್ರೋಮ್ ಟೈರಿನ ಪಕ್ಕದಲ್ಲಿ ತಯಾರಿಯ ವಾರ, ವರ್ಷ ಹೇಳುವ ನಾಲ್ಕು ಅಂಕಿ ಓದಿದೆ: 2317. ಅಂದರೆ 2017ರ 23ನೇ ವಾರ ತಯಾರಾದದ್ದು! ಗ್ರಿಪ್ ಚೆನ್ನಾಗಿಯೇ ಇತ್ತು, ಆದರೆ ಬೆರಳಾಡಿಸಿದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು. ಮಾಲೀಕರಿಗೆ ತೋರಿಸಿದೆ. ಎರಡೂ ಟೈರಿನ ಖರ್ಚನ್ನು ಬೆಲೆಯಲ್ಲೇ ಕಡಿಮೆ ಮಾಡಿದರು. ಹೊಸ ಟೈರ್ ಹಾಕಿಸಿದ ಮೇಲೇ ಮೊದಲ ರೈಡ್ ಹೋದೆ. ಟೈರ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.