ಅಪ್ಪಯ್ಯನ ರಿಪೋರ್ಟಿನಲ್ಲಿ ನಾಲ್ಕು ಕಡೆ ದಪ್ಪ ಅಕ್ಷರ: ಅನುಭವ ಇದ್ದವರು ಹೇಳಿ

ಕೇಳಿದವರು: ಶಿರಸಿ ಹತ್ತಿರದ ಹಳ್ಳಿಯಿಂದ

ಅಪ್ಪಯ್ಯನಿಗೆ 68 ವರ್ಷ. ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ. ಊರಲ್ಲಿ ನಡೆದ ಶಿಬಿರದಲ್ಲಿ ಬೆಳಿಗ್ಗೆ 7ಕ್ಕೆ ರಕ್ತ ಕೊಟ್ಟರು. ಅದು ಹುಬ್ಬಳ್ಳಿಗೆ ಹೋಗಿ, ಇವತ್ತು ಶುಕ್ರವಾರ ಮೊಬೈಲಿಗೆ ರಿಪೋರ್ಟ್ ಬಂತು. ಪೊಟ್ಯಾಸಿಯಂ 5.9, ಹಿಮೋಗ್ಲೋಬಿನ್ 10.8, ಎಚ್‌ಬಿಎ1ಸಿ (ಸಕ್ಕರೆಯ ಇನ್ನೊಂದು ಟೆಸ್ಟ್) 6.6, ಎಸ್‌ಜಿಪಿಟಿ (ಲಿವರಿನ ಟೆಸ್ಟ್) 44. ಈ ನಾಲ್ಕೂ ದಪ್ಪ ಅಕ್ಷರದಲ್ಲಿವೆ. ಖಾಲಿ ಹೊಟ್ಟೆಯ ಸಕ್ಕರೆ 92, ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್) 1.2, ಇವು ಸರಿ ಇವೆ ಎಂದು ಬರೆದಿದೆ. ಸಕ್ಕರೆ ಕಾಯಿಲೆ ಬಂತು ಅಂತ ಅಪ್ಪಯ್ಯ ಇನ್ನು ಅನ್ನ ಬೇಡವೆಂದು ಎಳನೀರು ಕುಡಿಯುತ್ತಿದ್ದಾರೆ. ನಮ್ಮ ಡಾಕ್ಟರು ಸಿಗುವುದು ಸೋಮವಾರ. ಅಲ್ಲಿಯವರೆಗೆ ಏನು ಮಾಡಲಿ?

ಕುಮಟಾದಿಂದ

ತಮ್ಮಾ, ಮೊದಲು ಆ ಎಳನೀರು ನಿಲ್ಲಿಸು. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬ ಇರುತ್ತದೆ. ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಏರಿಸುವ ಜಾತಿಯ ಮಾತ್ರೆ. ಆದರೆ ಮಾತ್ರೆಯನ್ನು ನೀವಾಗಿಯೇ ಬಿಡಿಸಬೇಡಿ, ಅದು ಡಾಕ್ಟರ್ ಹೇಳಬೇಕಾದ ಮಾತು.

ನಾನು ಇಪ್ಪತ್ತೆಂಟು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದವಳು. ನಿನ್ನ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಂಕಿಯಲ್ಲ, ಆ ಹುಬ್ಬಳ್ಳಿಯ ದಾರಿ. ಪೊಟ್ಯಾಸಿಯಂ ಇರುವುದು ಬಹುಪಾಲು ರಕ್ತಕಣದ ಒಳಗೆ. ತೆಗೆದ ರಕ್ತವನ್ನು ಬೇಗ ಮಷಿನ್ನಿನಲ್ಲಿ ತಿರುಗಿಸಿ ಸೀರಂ (ಮೇಲೆ ನಿಲ್ಲುವ ತಿಳಿ ನೀರು) ಬೇರೆ ಮಾಡದಿದ್ದರೆ ಅದು ಕಣದಿಂದ ಹೊರಗೆ ಸೋರುತ್ತದೆ. ತಿರುಗಿಸದ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟರೆ ಇನ್ನೂ ಹೆಚ್ಚು ಸೋರುತ್ತದೆ. ನರ ಸಿಗಲಿಲ್ಲವೆಂದು ಪಟ್ಟಿ ಬಿಗಿದು ಮುಷ್ಟಿ ಮುಚ್ಚಿ ತೆಗೆಸಿದರೂ, ಸೂಜಿಯಲ್ಲಿ ರಭಸವಾಗಿ ಎಳೆದು ಕಣ ಒಡೆದರೂ ಅಂಕಿ ಏರುತ್ತದೆ. ಅಪ್ಪಯ್ಯನ ಮೈಯಲ್ಲಿ 4.6 ಇದ್ದದ್ದು ಕಾಗದದಲ್ಲಿ 5.9 ಆಗಿರಬಹುದು.

ಆಗಿರಬಹುದು ಅಷ್ಟೇ. ನಿಜವಾಗಿ 5.9 ಇದ್ದರೆ ಹೃದಯದ ಬಡಿತ ತಪ್ಪಬಹುದು, ಮೊದಲೇ ಏನೂ ಗೊತ್ತಾಗುವುದೂ ಇಲ್ಲ. ಹಾಗಾಗಿ ಇದೊಂದಕ್ಕೆ ಸೋಮವಾರದವರೆಗೆ ಕಾಯಬಾರದು. ಈಗಲೇ ಶಿರಸಿ ಪೇಟೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸು, ಅಲ್ಲಿಯೇ ರಕ್ತ ತೆಗೆದು ಅಲ್ಲಿಯೇ ಪೊಟ್ಯಾಸಿಯಂ ನೋಡುವ ಲ್ಯಾಬಿನಲ್ಲಿ ಮತ್ತೆ ಕೊಡಿಸು. ದಾರಿಯಲ್ಲಿ ಕೈಕಾಲು ಸೋತಂತೆ, ಎದೆ ಹೊಡೆದುಕೊಂಡಂತೆ ಅನಿಸಿದರೆ ಲ್ಯಾಬ್ ಬಿಟ್ಟು ನೇರವಾಗಿ ತುರ್ತು ಚಿಕಿತ್ಸೆಗೆ.

ಇನ್ನು ಸಕ್ಕರೆ. ಇಲ್ಲಿಯೂ ಅದೇ ದಾರಿಯ ಕಥೆ, ಆದರೆ ಉಲ್ಟಾ. ಸಕ್ಕರೆ ನೋಡಲು ಬೂದು ಮುಚ್ಚಳದ ಟ್ಯೂಬಿಗೆ ಹಾಕುತ್ತೇವೆ, ಅದರಲ್ಲಿ ಸಕ್ಕರೆ ಕಡಿಮೆಯಾಗದಂತೆ ತಡೆಯುವ ಫ್ಲೋರೈಡ್ ಇರುತ್ತದೆ. ಬೇರೆ ಟ್ಯೂಬಿನಲ್ಲಿ ಹಾಗೇ ಇಟ್ಟರೆ ಕಣಗಳು ಸಕ್ಕರೆಯನ್ನು ತಿನ್ನುತ್ತಾ ಹೋಗುತ್ತವೆ, ತಾಸಿಗೆ ಸುಮಾರು ನೂರಕ್ಕೆ ಐದರಿಂದ ಏಳರಷ್ಟು. 110 ಇದ್ದದ್ದು ಮೂರು ತಾಸಿನಲ್ಲಿ 92 ಆಗಬಹುದು. ಹಾಗಾಗಿ ಆ 92 ನೋಡಿ ನಿರಾಳ ಆಗುವ ಹಾಗೂ ಇಲ್ಲ. ಶಿಬಿರದಲ್ಲಿ ಯಾವ ಬಣ್ಣದ ಮುಚ್ಚಳ ಇತ್ತು ಎಂದು ಅಪ್ಪಯ್ಯನನ್ನು ಕೇಳು, ಕೆಲವರಿಗೆ ನೆನಪಿರುತ್ತದೆ.

ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ, ನಿಜ. ಅದು ಸುಮಾರು ಮೂರು ತಿಂಗಳ ಲೆಕ್ಕ, ಏಕೆಂದರೆ ಕೆಂಪು ಕಣ ಬದುಕುವುದು ಸುಮಾರು 120 ದಿನ. ಕಬ್ಬಿಣ ಅಥವಾ ಬಿ12 ಕಡಿಮೆ ಇದ್ದವರಲ್ಲಿ ಹಳೆಯ ಕಣಗಳ ಪಾಲು ಹೆಚ್ಚಾಗಿ ಸಕ್ಕರೆ ಕಾಯಿಲೆ ಇಲ್ಲದೆಯೂ ಆ ಅಂಕಿ ಮೇಲೆ ಹೋಗಬಹುದು. ಹಿಮೋಗ್ಲೋಬಿನ್ 10.8 ಇರುವ ಮನುಷ್ಯನ 6.6 ನನಗೆ ಅರ್ಧ ನಂಬಿಕೆ. ಸಕ್ಕರೆ ಮಾತ್ರೆ ಶುರು ಮಾಡುವ ಮೊದಲು ಖಾಲಿ ಹೊಟ್ಟೆಯದ್ದೂ ಊಟವಾಗಿ ಎರಡು ತಾಸಿನದ್ದೂ ಇನ್ನೊಮ್ಮೆ ನೋಡಿ ಎಂದು ಡಾಕ್ಟರಲ್ಲಿ ಕೇಳಿಕೊಳ್ಳಿ. ಅನ್ನ ಬಿಟ್ಟು ಉಪವಾಸ ಕೂರುವುದು ಬೇಡ.

ಎಸ್‌ಜಿಪಿಟಿ 44ಕ್ಕೆ ತಲೆ ಕೆಡಿಸಿಕೊಳ್ಳಬೇಡ. ಆರೋಗ್ಯವಂತರಲ್ಲಿ ನೂರಕ್ಕೆ 95 ಜನರ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರುತ್ತದೋ ಅದನ್ನೇ ಸಾಮಾನ್ಯವಾಗಿ ‘ನಾರ್ಮಲ್’ ಎಂದು ಅಚ್ಚು ಹಾಕುವುದು. ಅಂದರೆ ಗಟ್ಟಿಮುಟ್ಟಾದ ಇಪ್ಪತ್ತು ಜನರಲ್ಲಿ ಒಬ್ಬರು ಗೆರೆಯ ಆಚೆ ಇದ್ದೇ ಇರುತ್ತಾರೆ. ಒಬ್ಬರಿಗೇ ಇಪ್ಪತ್ತು ಟೆಸ್ಟ್ ಮಾಡಿದರೆ ಯಾವುದಾದರೂ ಒಂದು ದಪ್ಪ ಅಕ್ಷರ ಬರುವ ಸಂಭವ ನೂರಕ್ಕೆ ಅರವತ್ತಕ್ಕೂ ಹೆಚ್ಚು.

ಸಿದ್ದಾಪುರದಿಂದ

ಮೇಲಿನ ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇಬೇಕು. ಎಲ್ಲರೂ ಸಕ್ಕರೆ ನೋಡುತ್ತಿದ್ದೀರಿ, ನನಗೆ ಆ ಹಿಮೋಗ್ಲೋಬಿನ್ 10.8 ಕಾಣುತ್ತಿದೆ. ಗಂಡಸರಿಗೆ 13ಕ್ಕಿಂತ ಕಡಿಮೆ ಆದರೆ ರಕ್ತಹೀನತೆ.

ನಮ್ಮ ದೊಡ್ಡಪ್ಪನಿಗೂ ಹೀಗೇ ಆಯಿತು. 11ರ ಹತ್ತಿರ ಇತ್ತು. ವಯಸ್ಸಾಯಿತಲ್ಲ ಎಂದು ಒಂದು ಕಡೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅಂಕಿ ಏರಿತು, ನಾವು ಸಮಾಧಾನ ಪಟ್ಟೆವು. ಹತ್ತು ತಿಂಗಳ ಮೇಲೆ 8ಕ್ಕೆ ಇಳಿದಾಗ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು, ಅಲ್ಲಿಂದ ರಕ್ತ ಸ್ವಲ್ಪ ಸ್ವಲ್ಪವೇ ಹೋಗುತ್ತಿತ್ತು. ಆಪರೇಷನ್ ಆಗಿ ಬದುಕಿದ್ದಾರೆ, ಆದರೆ ಆ ಹತ್ತು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತದೆ. ರಕ್ತ ಕಡಿಮೆ ಅಂದ ಕೂಡಲೇ ಎಲ್ಲಿಗೆ ಹೋಗುತ್ತಿದೆ ಎಂದು ನಾವು ಕೇಳಬೇಕಿತ್ತು.

ನಿಮ್ಮ ಅಪ್ಪಯ್ಯನದು ಅದೇ ಎಂದು ಹೇಳುತ್ತಿಲ್ಲ. ಸಿಬಿಸಿ, ಅಂದರೆ ರಕ್ತಕಣಗಳ ಲೆಕ್ಕದ ಹಾಳೆಯಲ್ಲಿ ಎಂಸಿವಿ ಎಂಬ ಸಾಲು ನೋಡಿ, ಅದು ಕೆಂಪು ಕಣದ ಗಾತ್ರ. 80ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಯ ಅನುಮಾನ, 100ರ ಮೇಲಿದ್ದರೆ ಬಿ12 ಕಡೆಗೆ ನೋಡುತ್ತಾರೆ. ಎರಡೂ ಕೊರತೆ ಒಟ್ಟಿಗೆ ಇದ್ದರೆ ಮಧ್ಯದಲ್ಲಿ ನಿಂತು ಮೋಸ ಮಾಡುವುದೂ ಉಂಟು. ಇಯೊಸಿನೊಫಿಲ್ ಎಂಬ ಬಿಳಿ ಕಣ ಜಾಸ್ತಿ ಇದೆಯೇ ಅದನ್ನೂ ನೋಡಿ. ಬರಿಗಾಲಲ್ಲಿ ತೋಟ ತಿರುಗುವವರಿಗೆ ಕೊಕ್ಕೆಹುಳದ ಕಾಟ ಇರಬಹುದು, ಅದೂ ರಕ್ತ ಹೀರುತ್ತದೆ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಮತ್ತು ಮಲಪರೀಕ್ಷೆ ಎರಡನ್ನೂ ಕೇಳಿ. ಫೆರಿಟಿನ್‌ಗೆ ರಕ್ತ ಕೊಡುವ ಮೊದಲು ಕಬ್ಬಿಣದ ಮಾತ್ರೆ ಶುರು ಮಾಡಬೇಡಿ.

ಭಟ್ಕಳದಿಂದ

ಚಿಕ್ಕ ಅನುಭವ. ಅಣ್ಣ ಗಲ್ಫಿನಿಂದ ಬರುವಾಗ ತಂದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 97 ಎಂದಿತ್ತು. ಮನೆಯಲ್ಲಿ ಅಳು ಶುರು. ಅಲ್ಲಿನ ಲ್ಯಾಬ್ ಬೇರೆ ಅಳತೆಯಲ್ಲಿ ಬರೆದಿತ್ತು, 88.4ರಿಂದ ಭಾಗಿಸಿದರೆ ನಮ್ಮ 1.1. ಸಕ್ಕರೆಗೂ ಹಾಗೇ, ಅಲ್ಲಿನ 7 ಅಂದರೆ 18ರಿಂದ ಗುಣಿಸಿ ಇಲ್ಲಿನ 126. ಹಳೆಯ ರಿಪೋರ್ಟಿನ ಜೊತೆ ಹೋಲಿಸುವಾಗ ಅಂಕಿಯ ಪಕ್ಕದ ಅಳತೆಯನ್ನು ಓದಿ. ಹಳೆಯದನ್ನು ಹುಡುಕಿ ತೆಗೆದಿಡಿ: ಹೋದ ವರ್ಷ ಹಿಮೋಗ್ಲೋಬಿನ್ 14 ಇದ್ದು ಈಗ 10.8 ಆಗಿದ್ದರೆ ಅದು ಬೇರೆ ಮಾತು, ಐದು ವರ್ಷದಿಂದ 11ರ ಹತ್ತಿರವೇ ಇದ್ದರೆ ಬೇರೆ ಮಾತು.

ಅಂಕೋಲೆಯಿಂದ

ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುವವರು ಮನೆಯಲ್ಲಿದ್ದರೆ ಥೈರಾಯ್ಡ್ ಟೆಸ್ಟಿಗೆ ಮೊದಲು ಲ್ಯಾಬಿನವರಿಗೆ ತಿಳಿಸಿ. ಕೆಲವು ಮಷಿನ್ನುಗಳಲ್ಲಿ ಟಿಎಸ್‌ಎಚ್ ಎಂಬ ಥೈರಾಯ್ಡ್ ಅಂಕಿ ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆ. ನನ್ನ ತಂಗಿ ಇಲ್ಲದ ಕಾಯಿಲೆಗೆ ಎರಡು ತಿಂಗಳು ಹೆದರಿಕೊಂಡಿದ್ದಳು.

ಕೇಳಿದವರು, ಮಂಗಳವಾರ

ಶುಕ್ರವಾರ ಸಂಜೆಯೇ ಹೋದೆವು. ಇಸಿಜಿ ಸರಿ ಇದೆ. ಅಲ್ಲಿಯೇ ತೆಗೆದು ನೋಡಿದ ಪೊಟ್ಯಾಸಿಯಂ 4.7. ಕುಮಟಾದ ಅಕ್ಕ, ಆ ರಾತ್ರಿ ನಾವು ನಿದ್ದೆ ಮಾಡಿದ್ದು ನಿಮ್ಮಿಂದ.

ಎಂಸಿವಿ 72 ಇತ್ತು. ಮೊದಲ ಹಾಳೆಯಲ್ಲಿಯೇ ಇತ್ತು, ದಪ್ಪ ಅಕ್ಷರದಲ್ಲಿ ಇರಲಿಲ್ಲವೆಂದು ನಾನು ನೋಡಿಯೇ ಇರಲಿಲ್ಲ. ಸಿದ್ದಾಪುರದವರು ಬರೆದದ್ದನ್ನು ಡಾಕ್ಟರಿಗೆ ಹೇಳಿದೆ. ಹೌದು, ಮೊದಲು ಕಾರಣ ಹುಡುಕೋಣ ಎಂದರು. ಸಕ್ಕರೆ ಮಾತ್ರೆ ಸದ್ಯಕ್ಕೆ ಬರೆದಿಲ್ಲ, ಅನ್ನ ಊಟ ಮಾಡಿಸಿ ಎಂದಿದ್ದಾರೆ. ಮಲಪರೀಕ್ಷೆಗೆ ಇವತ್ತು ಕೊಟ್ಟು ಬಂದೆ. ಫೆರಿಟಿನ್ ಗುರುವಾರ ಬರುತ್ತದಂತೆ, ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.