ಸಹಾಯ ಬೇಕು: ಕೆರೆ ನೀರಿನಲ್ಲಿ ಆಲ್ಫಾ ಜಾಸ್ತಿ, ಮುಂದೆ ಯಾವ ಪರೀಕ್ಷೆ?

ನಮಸ್ಕಾರ. ನಮ್ಮದು ಗದಗ ಜಿಲ್ಲೆ, ಮುಂಡರಗಿ ಕಡೆ. ಊರವರೆಲ್ಲ ಕುಡಿಯುವುದು ಕೆರೆ ನೀರನ್ನೇ. ಎಂಎಸ್ಸಿ ಪ್ರಾಜೆಕ್ಟಿಗೆ ಅದರ ವಿಕಿರಣ ಅಳೆಸಿದೆ. ಒಟ್ಟು ಆಲ್ಫಾ, ಅಂದರೆ ಆಲ್ಫಾ ಕಣ ಬಿಡುವ ಎಲ್ಲ ವಸ್ತುಗಳ ವಿಕಿರಣ ಸೇರಿಸಿ, ಲೀಟರಿಗೆ 0.3 ಬೆಕ್ವೆರೆಲ್ (ವಿಕಿರಣ ಅಳೆಯುವ ಘಟಕ) ಬಂತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಮಿತಿ 0.1, ಅದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ 0.5ಕ್ಕಿಂತ ಕಡಿಮೆ. ಮತ್ತೆ ಮಾಡಿಸಿದರೂ ಹೆಚ್ಚುಕಡಿಮೆ ಅಷ್ಟೇ.

ದಿನಕ್ಕೆ 2 ಲೀಟರ್ ಅಂತ ಹಿಡಿದು ವರ್ಷಕ್ಕೆ ದೇಹಕ್ಕೆ ತಗಲುವ ವಿಕಿರಣದ ಡೋಸ್ (ಮಿಲಿಸೀವರ್ಟ್‌ನಲ್ಲಿ) ಲೆಕ್ಕ ಹಾಕಿದೆ. ಎಲ್ಲವೂ ಯುರೇನಿಯಂ-238 ಅಂದುಕೊಂಡರೆ ಸುಮಾರು 0.01 ಮಿಲಿಸೀವರ್ಟ್. ರೇಡಿಯಂ-226 ಅಂದುಕೊಂಡರೆ 0.06. ಆರು ಪಟ್ಟು ವ್ಯತ್ಯಾಸ ಅಲ್ವಾ! ಅದೂ ದೊಡ್ಡವರ ಲೆಕ್ಕ. ಮಕ್ಕಳೂ ಇದೇ ನೀರು ಕುಡಿಯುತ್ತಾರೆ, ನನಗೆ ಅದೇ ಚಿಂತೆ. ಆಲ್ಫಾ ಯಾವುದರಿಂದ ಬಂತು ಅಂತ ಈ ರಿಪೋರ್ಟ್ ಹೇಳುವುದಿಲ್ಲ.

ಇನ್ನೊಂದೇ ಪರೀಕ್ಷೆಗೆ ದುಡ್ಡಿದೆ. ಮೊದಲು ಯುರೇನಿಯಂ ಮಾಡಿಸಲೋ, ರೇಡಿಯಂ ಮಾಡಿಸಲೋ? ಹುಬ್ಬಳ್ಳಿ-ಧಾರವಾಡದ ಹತ್ತಿರ ರೇಡಿಯಂ ಅಳೆಯುವ ಲ್ಯಾಬ್ ಯಾವುದಿದೆ?